ಹೆರಿಗೆ ವಾರ್ಡಿನ ಮುಂದೆ ನಾಚೋಸ್

ಬಸ್ಸು ಓಡಿಸಿ ನಿವೃತ್ತರಾದ ಮೇಲೂ ಡ್ರೈವರ್ ಸಾಹೇಬರಿಗೆ ಕೂತಲ್ಲಿ ಕೂರುವುದು ಬರಲಿಲ್ಲ. ಕುರ್ಚಿಯಲ್ಲಿದ್ದರೂ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಅಂಥವರ ಒಬ್ಬಳೇ ಮಗಳನ್ನು ಹೆರಿಗೆಗೆ ಸೇರಿಸಿದ ದಿನ ಕೇಳಬೇಕೆ! ಆಸ್ಪತ್ರೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದೂ ನಡೆದೂ ನೆಲ ಒರೆಸುವವಳಿಂದ ಬೈಸಿಕೊಂಡರು.

"ರೀ, ನಿಮ್ಮನ್ನ ನೋಡಿದ್ರೆ ನನಗೇ ನೋವು ಶುರುವಾಗೋ ಹಾಗಿದೆ. ಮನೆಗೆ ಹೋಗಿ ತಿನ್ನೋಕೆ ಏನಾದ್ರೂ ಮಾಡ್ಕೊಂಡು ಬನ್ನಿ," ಎಂದು ಹೆಂಡತಿ ಅಟ್ಟಿದರು.

ಅವರಿಗೆ ಬರುತ್ತಿದ್ದ ಅಡುಗೆ ಒಂದೇ, ನಾಚೋಸ್. ಬಸುರಿಯ ಬಯಕೆಯೆಂದು ಮಗಳೇ ಪಕ್ಕದಲ್ಲಿ ನಿಂತು ಕಲಿಸಿದ್ದಳು. ಮೆಕ್ಕೆಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ತೆಳ್ಳಗೆ ಲಟ್ಟಿಸಿ, ತ್ರಿಕೋನವಾಗಿ ಕತ್ತರಿಸಿ ಎಣ್ಣೆಗೆ ಬಿಟ್ಟರು. ಕಿವಿಯೆಲ್ಲ ಫೋನಿನ ಕಡೆ. ಮೊದಲ ಒಬ್ಬೆ ಇದ್ದಿಲಾಯಿತು. ಹಾಲಿನಲ್ಲಿ ಚೀಸ್ ಕರಗಿಸುತ್ತಿದ್ದಾಗ ಫೋನ್ ಬಡಿದುಕೊಂಡಿತು. ಸೌಟು ಬಿಟ್ಟು ಓಡಿದರು. ನೋಡಿದರೆ ಯಾರೋ, ಮನೆ ಬಾಡಿಗೆಗಿದೆಯಾ ಎಂದು ಕೇಳುವವರು.

"ಇಲ್ಲಿ ಜೀವ ಹೋಗ್ತಿದೆ, ಮನೆಯಂತೆ ಮನೆ!"

ಅಷ್ಟರಲ್ಲಿ ಚೀಸ್ ಗಂಟುಕಟ್ಟಿತ್ತು. ಇನ್ನಷ್ಟು ಹಾಲು ಸುರಿದು, ತಿರುವಿ ತಿರುವಿ ಅದನ್ನು ದಾರಿಗೆ ತಂದರು. ಟೊಮೆಟೊ, ಈರುಳ್ಳಿ, ಹಸಿಮೆಣಸು ಹೆಚ್ಚಿ ನಿಂಬೆಹಣ್ಣು ಹಿಂಡಿ, ಎಲ್ಲವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

"ಏನಾಯ್ತು?"

"ಇನ್ನೂ ಇಲ್ಲ. ಅಳಿಯಂದಿರು ಒಳಗೇ ಇದ್ದಾರೆ."

ಡಬ್ಬಿ ತೆರೆದರೆ ಹೆಂಡತಿಗೆ ಸಿಟ್ಟು. "ಇದು ನಾಚೋಸ್ ತಿನ್ನೋ ಹೊತ್ತಾ?" ಎಂದವರೇ ಒಂದನ್ನು ಚೀಸಿನಲ್ಲಿ ಅದ್ದಿ ಬಾಯಿಗಿಟ್ಟರು. ಕರಂ ಎಂದಿತು. ಬೆಳಗಿನಿಂದ ನೀರೂ ಮುಟ್ಟದ ಬಾಯಿ. ಮತ್ತೊಂದಕ್ಕೆ ಕೈ ತಾನಾಗಿಯೇ ಹೋಯಿತು. ಖಾರಕ್ಕೆ ಮೂಗು ಒರೆಸಿಕೊಂಡು, "ಪರವಾಗಿಲ್ವೇ!" ಎಂದರು. ನೆಲ ಒರೆಸುವವಳೂ ಒಂದು ಹಿಡಿ ಇಸಿದುಕೊಂಡಳು. ಡ್ರೈವರ್ ಸಾಹೇಬರು ಮಾತ್ರ ನಿಂತೇ ತಿಂದರು, ಕಣ್ಣು ಬಾಗಿಲ ಮೇಲೆ.

ಬಾಗಿಲು ತೆರೆಯಿತು. ನರ್ಸ್ ಕೈಯಲ್ಲಿ ಪುಟ್ಟ ಗಂಟು.

"ಅಜ್ಜ ಯಾರು? ಮೊಮ್ಮಗಳು ಬಂದಿದ್ದಾಳೆ. ಅಮ್ಮನೂ ಚೆನ್ನಾಗಿದ್ದಾರೆ. ಹಿಡ್ಕೊಳ್ಳಿ."

ಎರಡೂ ಕೈಯ ಬೆರಳ ತುಂಬ ಚೀಸು! "ಒಂದು ನಿಮಿಷ, ಒಂದೇ ನಿಮಿಷ!" ಎನ್ನುತ್ತ ಅವರು ನಲ್ಲಿ ಹುಡುಕಿಕೊಂಡು ಓಡಿದರು. ಸೋಪು ಹಚ್ಚಿದರು, ತೊಳೆದರು, ಸಾಲದೆಂದು ಮತ್ತೆ ಹಚ್ಚಿದರು. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಒಂದಿಷ್ಟು ಅತ್ತರು.