ಕಾರ್ತೀಕದಲ್ಲಿ ಮಾವಿನ ವಾಸನೆ

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹೇಮಲತಾಳ ಕೆಲಸ ಮಾತನಾಡುವುದನ್ನು ಕಲಿಸುವುದು. ಹೊಸದಾಗಿ ಸೇರಿದವರು ವಿದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಹೇಗೆ ಮಾತನಾಡಬೇಕು, ಎಲ್ಲಿ ನಿಲ್ಲಿಸಬೇಕು, ಬೈಸಿಕೊಳ್ಳುವಾಗ ದನಿ ಹೇಗಿರಬೇಕು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿಕೊಡುತ್ತಾಳೆ. ದಾವಣಗೆರೆಯ ಹುಡುಗಿ, ಈಗ ನಲವತ್ತರ ಹತ್ತಿರ. ಗಂಡ ಪಂಚಾಕ್ಷರಿ ಅದೇ ರಸ್ತೆಯ ಇನ್ನೊಂದು ಕಂಪನಿಯಲ್ಲಿದ್ದಾನೆ. ಮನೆಗೆ ಬಂದ ಮೇಲೂ ಅವನು ಹೆಡ್‌ಫೋನ್ ತೆಗೆಯುವುದು ಕಡಿಮೆ.

ಹಳೆಯ ಕೆಲಸದಲ್ಲಿ ಅವಳು ಸಿಗರೇಟು ಕಲಿತಿದ್ದಳು. ಬಿಡಬೇಕೆಂದುಕೊಂಡಾಗ ಜೊತೆಗೆ ಕೆಲಸ ಮಾಡುವ ಭಾನುಪ್ರಕಾಶ್ ಪೆನ್‌ಡ್ರೈವ್‌ನಂಥದ್ದೊಂದನ್ನು ಕೈಗಿಟ್ಟು, "ಇದು ಬರೀ ಹಬೆ ಕಣ್ರೀ, ಹೊಗೆ ಅಲ್ಲ" ಎಂದ. ಮಾವಿನಹಣ್ಣಿನ ರುಚಿ ಇತ್ತು. ಸಿಗರೇಟು ಬಿಟ್ಟೆನೆಂಬ ಹೆಮ್ಮೆಯಲ್ಲಿ ಹೇಮಲತಾ ಅದನ್ನು ಸಿಗರೇಟಿಗಿಂತ ಹೆಚ್ಚಾಗಿ ಸೇದತೊಡಗಿದಳು. ವೇಪ್ ಎಂದು ಕರೆಯುವ ಈ ಇ-ಸಿಗರೇಟು ಮಾರುವುದನ್ನು ಸರ್ಕಾರ ನಿಷೇಧಿಸಿದೆ. ಅವಳಿಗೆ ಅದನ್ನು ಮಾರುತ್ತಿದ್ದ ಬೊಮ್ಮನಹಳ್ಳಿಯ ಮೊಬೈಲ್ ಕವರ್ ಅಂಗಡಿಯವನಿಗೂ ಇದು ಗೊತ್ತಿತ್ತು. ಅದಕ್ಕೇ ಅವನು ಅದನ್ನು ಕೌಂಟರಿನ ಮೇಲೆ ಇಡುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ರುದ್ರಮ್ಮ ರಾಣೆಬೆನ್ನೂರಿನಿಂದ ಇವರ ಫ್ಲ್ಯಾಟಿಗೆ ಬಂದರು. ಬರುವಾಗ ಒಂದು ಕಡ್ಡಿಪುಡಿ ಡಬ್ಬಿಯನ್ನೂ ತಂದರು. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಆ ತಂಬಾಕಿನ ಪುಡಿ ಇಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆ ಆಗುತ್ತಿರಲಿಲ್ಲ. ಹೇಮಲತಾ ಆ ಡಬ್ಬಿಯನ್ನು ಫ್ರಿಜ್ಜಿನ ಮೇಲೆ, ಅಕ್ಕಿ ಡ್ರಮ್ಮಿನ ಹಿಂದೆ, ಎಲ್ಲೆಂದರಲ್ಲಿ ಬಚ್ಚಿಟ್ಟಳು. ತಂಬಾಕಿನಿಂದ ಬಾಯಿಗೆ ಏನೇನಾಗುತ್ತದೆ ಎಂದು ತರಗತಿಯ ದನಿಯಲ್ಲೇ ವಿವರಿಸಿದಳು. ರುದ್ರಮ್ಮ ತಲೆಯಾಡಿಸುತ್ತ ಕೇಳುತ್ತಿದ್ದರು, ಆಮೇಲೆ ಡಬ್ಬಿ ಹುಡುಕಿಕೊಳ್ಳುತ್ತಿದ್ದರು.

ಕಾರ್ತೀಕ ಮಾಸದಲ್ಲಿ ರುದ್ರಮ್ಮನ ದವಡೆ ಹಲ್ಲು ನೋಯತೊಡಗಿತು. ಹೇಮಲತಾ ರಜೆ ಹಾಕಿ ಅವರನ್ನು ಮನೆ ಹತ್ತಿರದ ದಂತವೈದ್ಯೆ ಶರಣ್ಯ ಅವರ ಬಳಿಗೆ ಕರೆದುಕೊಂಡು ಹೋದಳು. ಹಲ್ಲನ್ನು ಕೀಳಬೇಕಾಯಿತು. ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆಯೂ ಇತ್ತು. ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಇಟ್ಟುಕೊಂಡು, "ಅಮ್ಮ, ತಂಬಾಕು ಇವತ್ತೇ ನಿಲ್ಲಿಸ್ಬೇಕು" ಎಂದರು.

"ನಾನು ಹೇಳಿ ಹೇಳಿ ಸಾಕಾಗಿದೆ ಡಾಕ್ಟ್ರೇ. ನನ್ನ ಮಾತು ಎಲ್ಲಿ ಕೇಳ್ತಾರೆ?" ಎಂದು ಹೇಮಲತಾ ಶುರುಮಾಡಿದಳು. ಮಾತಿನ ನಡುನಡುವೆ ತುಟಿ ಹಲ್ಲಿಗೆ ಅಂಟಿಕೊಳ್ಳುತ್ತಿತ್ತು. ಬಾಟಲಿಯಿಂದ ಗುಟುಕು ನೀರು ಕುಡಿದು ಮುಂದುವರಿಸುತ್ತಿದ್ದಳು.

ಶರಣ್ಯ ಸ್ವಲ್ಪ ಹೊತ್ತು ಅವಳ ಬಾಯನ್ನೇ ನೋಡಿದರು. "ಮೇಡಂ, ಅವರ ಹಲ್ಲಿನ ರಕ್ತ ನಿಲ್ಲೋವರೆಗೂ ಹೇಗೂ ಕಾಯ್ಬೇಕು. ನೀವೂ ಒಂದ್ಸಲ ಕೂತ್ಕೊಳ್ಳಿ."

"ನಂಗೇನಿಲ್ಲ ಡಾಕ್ಟ್ರೇ. ಬ್ರಷ್ ಮಾಡುವಾಗ ಒಂದು ಹನಿ ರಕ್ತಾನೂ ಬರಲ್ಲ."

ಆದರೂ ಕೂತಳು. ಡಾಕ್ಟರು ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು. ಕೆಳಗಿನ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತಿದ್ದವು. ವಸಡಿನ ಅಂಚಿನುದ್ದಕ್ಕೂ ಹುಳುಕು.

"ವಸಡು ಇಷ್ಟು ಕೆಟ್ಟಿದ್ರೆ ರಕ್ತ ಬರಬೇಕಿತ್ತು," ಎಂದರು ಶರಣ್ಯ. "ನಿಕೋಟಿನ್ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಹಾಗಾಗಿ ಒಳಗೆ ಕೆಟ್ಟಿದ್ರೂ ಹೊರಗೆ ಕಾಣಲ್ಲ. ಸಿಗರೇಟ್ ಸೇದ್ತೀರಾ?"

"ಇಲ್ಲ." ಅದು ನಿಜವಾಗಿತ್ತು.

"ವೇಪ್?"

ಹೇಮಲತಾ ತಲೆಯ ಮೇಲಿನ ದೀಪವನ್ನು ನೋಡಿದಳು. ಮೂಲೆಯ ಕುರ್ಚಿಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದ ರುದ್ರಮ್ಮ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅದು ಮಾವಿನಹಣ್ಣ ವಾಸನಿ ಬರ್ತೈತಲ್ರಿ, ಅದಾ? ಸೇದ್ತಾಳ್ರಿ. ದಿನಾ ಬಾತ್‌ರೂಮಿನಾಗ ಬರ್ತೈತಿ. ಕಾರ್ತೀಕದಾಗ ಯಾವ ಮಾವಿನಹಣ್ಣ ಇರ್ತಾವ್ರಿ?"

ಹೇಳಿ ಮುಗಿಸಿ ಹತ್ತಿಯನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಶರಣ್ಯ ನಗಲಿಲ್ಲ. ವೇಪಿನಿಂದ ಬಾಯಿ ಒಣಗುತ್ತದೆ, ಹಲ್ಲನ್ನು ಕಾಯುವ ಎಂಜಲೇ ಕಡಿಮೆಯಾಗುತ್ತದೆ, ಸಿಹಿ ರುಚಿಯ ದ್ರವ ಹಲ್ಲಿಗೆ ಅಂಟಿ ಹುಳುಕಿಗೆ ದಾರಿ ಮಾಡುತ್ತದೆ ಎಂದು ವಿವರಿಸಿದರು. ವಸಡಿನ ಆಳದವರೆಗೆ ಶುಚಿ ಮಾಡಬೇಕು. ಒಂದು ಹಲ್ಲು ಉಳಿಯುವುದು ಅನುಮಾನ ಎಂದರು.

ಆಟೋ ಸಿಗ್ನಲ್‌ನಲ್ಲಿ ನಿಂತಾಗ ಹೇಮಲತಾ ಕೇಳಿದಳು.

"ಯಾವಾಗಿಂದ ಗೊತ್ತು ಅತ್ತೆ ನಿಮಗೆ?"

"ಬಂದ ವಾರದಾಗ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಅಷ್ಟೊಂದು ಭಾಷಣ ಮಾಡ್ತಿದ್ದೆ."

ರುದ್ರಮ್ಮ ಊದಿದ ಕೆನ್ನೆಯನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದರು. "ಹೇಳಿದ್ರ ನೀ ಸುಮ್ನಾಗ್ತಿದ್ದಿ. ನೀ ನನ್ನ ಕೂಡ ಮಾತಾಡೋದ ಆ ಡಬ್ಬಿ ಸಲುವಾಗಿ. ಮಾತಾಡ್ಲಿ ಅಂತ ಬಿಟ್ಟೆ."

ಹೇಮಲತಾ ತನ್ನ ಕರವಸ್ತ್ರವನ್ನು ಬಾಟಲಿಯ ನೀರಿನಲ್ಲಿ ತೋಯಿಸಿ, ಕೆನ್ನೆಗೆ ಒತ್ತಿಕೊಳ್ಳಲು ಅವರ ಕೈಗೆ ಕೊಟ್ಟಳು.

ಆ ವಾರ ಇಬ್ಬರೂ ಬಿಟ್ಟರು, ಒಬ್ಬರು ಕಡ್ಡಿಪುಡಿ, ಒಬ್ಬರು ವೇಪ್. ಚಟ ಬಿಟ್ಟ ಸಿಡುಕೆಲ್ಲ ಪಾತ್ರೆಗಳ ಮೇಲೆ ಹೋಗುತ್ತಿತ್ತು, ಪಂಚಾಕ್ಷರಿಗೆ ಕಾರಣ ಗೊತ್ತಾಗಿದ್ದು ತಡವಾಗಿ. ಮನೆಯಲ್ಲಿ ಪಾತ್ರೆಗಳ ಸದ್ದು ಯಾಕೆ ಜೋರಾಗಿದೆ ಎಂದು ಹೆಡ್‌ಫೋನ್ ತೆಗೆದು ಕೇಳಿದ. ಅತ್ತೆ ಸೊಸೆ ಇಬ್ಬರೂ ಇನ್ನೊಂದೊಂದು ಪಾತ್ರೆ ಕುಕ್ಕಿದರು. ಅವನು ಮತ್ತೆ ಹಾಕಿಕೊಂಡ.

ಕೆಲವು ದಿನಗಳಲ್ಲಿ ಬ್ರಷ್ ಮಾಡುವಾಗ ಹೇಮಲತಾಳ ಬಾಯಿಂದ ರಕ್ತ ಬಂತು. ಸಿಂಕು ಕೆಂಪಾಯಿತು. ಗಾಬರಿಯಿಂದ ಫೋನ್ ಮಾಡಿದರೆ ಶರಣ್ಯ, "ಒಳ್ಳೇದು. ವಸಡಿಗೆ ರಕ್ತ ಓಡಾಡೋಕೆ ಶುರುವಾಗಿದೆ. ಬ್ರಷ್ ನಿಲ್ಲಿಸ್ಬೇಡಿ, ನಾಳೆ ಬಂದು ತೋರಿಸಿ" ಎಂದರು. ವೇಪ್ ಬಿಟ್ಟಿದ್ದಕ್ಕೆ ಮೊದಲು ಸಿಕ್ಕ ಫಲ ಇದು. ಅನುಮಾನವಿದ್ದ ಹಲ್ಲು ಉಳಿಯಲಿಲ್ಲ.

ವಸಡು ಮಾಯುವವರೆಗೆ ಹೊಸ ಹಲ್ಲು ಕೂರಿಸುವಂತಿರಲಿಲ್ಲ. ಆ ಸಂದಿಯಿಟ್ಟುಕೊಂಡೇ ಅವಳು ತರಗತಿ ನಡೆಸಿದಳು. 'ಸ' ಬಂದಾಗಲೆಲ್ಲ ಗಾಳಿ ಸೀಟಿ ಹೊಡೆಯುತ್ತಿತ್ತು. ಹೊಸಬರು ಅದನ್ನೂ ವಿದೇಶಿ ಉಚ್ಚಾರಣೆ ಎಂದುಕೊಂಡು ಸೀಟಿ ಸಮೇತ ಒಪ್ಪಿಸಿದರು. ಹೇಮಲತಾ ಪಾಠ ನಿಲ್ಲಿಸಿ, ತನ್ನ ಹಲ್ಲು ಹೋಗಿದೆ, ಹೋಗಿದ್ದು ವೇಪಿನಿಂದ ಎಂದು ಹೇಳಿದಳು. ಹಿಂದಿನ ಸಾಲಿನಲ್ಲಿ ಒಬ್ಬಳು ಕೈಯನ್ನು ಮೆಲ್ಲಗೆ ಬ್ಯಾಗಿನಿಂದ ಹೊರಗೆ ತೆಗೆದಳು.

ರುದ್ರಮ್ಮನ ಮಚ್ಚೆಯ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಆದರೆ ಅದರ ಮೇಲೆ ಕಣ್ಣಿಡಬೇಕು. ನಡುವೆ ಒಮ್ಮೆ ಮಾರತ್ತಹಳ್ಳಿಯಲ್ಲಿ ಆಫೀಸಿನವರ ಪಾರ್ಟಿಗೆ ಹೋಗಿದ್ದ ಹೇಮಲತಾ, ಮರುದಿನ ಕಾಫಿ ಕೊಡುವಾಗ, "ನಿನ್ನೆ ಎರಡು ಸಲ ಎಳೆದೆ ಅತ್ತೆ" ಎಂದಳು.

"ನಾನೂ ಮೊನ್ನಿ ವಾಚ್‌ಮನ್ ನಲ್ಲಪ್ಪನ ಕಡೆ ಚೂರು ಕಡ್ಡಿಪುಡಿ ಇಸ್ಕೊಂಡಿದ್ದೆ," ಎಂದರು ರುದ್ರಮ್ಮ. ಕಾಫಿ ಆರುವ ಮುಂಚೆ ಇಬ್ಬರೂ ಕುಡಿದು ಮುಗಿಸಿದರು. ಆಮೇಲೆ ಹಾಗಾಗಿಲ್ಲ.

ಈಗ ಸಂದಿಯಲ್ಲಿ ಕಟ್ಟಿಸಿದ ಹಲ್ಲಿದೆ, ಸೀಟಿ ನಿಂತಿದೆ. ಪಕ್ಕದ ಹಲ್ಲುಗಳ ಬುಡದಲ್ಲಿ ಸವೆದ ಮೂಳೆ ಮೊದಲಿನಂತೆ ಆಗುವುದಿಲ್ಲ. ಇರುವಷ್ಟನ್ನು ಕಾಪಾಡಿಕೊಳ್ಳಬೇಕೆಂದು ಶರಣ್ಯ ಹೇಳಿದ್ದಾರೆ. ಮುಂದಿನ ಹಲ್ಲಿನಲ್ಲಿ ಗಟ್ಟಿಯಾದದ್ದನ್ನು ಕಚ್ಚುವಂತಿಲ್ಲ. ಸಂಜೆ ಕೆಲಸ ಮುಗಿಸಿ ಬಂದರೆ ರುದ್ರಮ್ಮ ಸೇಬನ್ನು ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿಟ್ಟಿರುತ್ತಾರೆ. ಇಬ್ಬರೂ ಬಾಲ್ಕನಿಯಲ್ಲಿ ಕೂತು ದವಡೆಯಲ್ಲಿ ನಿಧಾನವಾಗಿ ಅಗಿಯುತ್ತ, ಕೆಳಗಿನ ಫ್ಲ್ಯಾಟಿನವರ ಬಗ್ಗೆ ಮಾತನಾಡುತ್ತಾರೆ.