ಅತ್ತೆ ಮೇಲೆ ಹೋದ ದಿನ

ಜೀವಮಾನವೆಲ್ಲ ಬಸ್ಸು ಓಡಿಸಿದ ಗಂಡ ನಿವೃತ್ತನಾದ ಮೇಲಾದರೂ ಮನೆಯಲ್ಲಿ ಕಾಲು ಚಾಚಿ ಕೂರುತ್ತಾನೆಂದು ಹೆಂಡತಿ ನಂಬಿದ್ದಳು. ಅವನು ಚಕ್ರವಿರುವ ಮನೆಯನ್ನೇ ಕೊಂಡು ತಂದ. ಮಂಚ, ಒಲೆ, ಕೈ ತೊಳೆಯುವ ಬೋಗುಣಿ ಎಲ್ಲ ಇದ್ದ ಹಳೆಯ ಮನೆಗಾಡಿ. ಹಿಂದಿನವರು ಅದನ್ನು ಎಷ್ಟು ಓಡಿಸಿದ್ದರೆಂದರೆ ಕಿಲೋಮೀಟರ್ ಎಣಿಸುವ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುಮಾಡಿತ್ತು.

ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಬಾನೆಟ್ ಎತ್ತುತ್ತಿದ್ದ. ಆಯಿಲಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುವುದು. ಆಮೇಲೆ ರೇಡಿಯೇಟರಿಗೆ ನೀರು, ಟೈರಿಗೆ ಗಾಳಿ. ತನ್ನ ಬಿ.ಪಿ. ಮಾತ್ರೆಯನ್ನು ವಾರಗಟ್ಟಲೆ ಮರೆಯುತ್ತಿದ್ದವನಿಗೆ ಗಾಡಿಯ ಫಿಲ್ಟರ್ ಬದಲಿಸುವ ದಿನ ನಿದ್ದೆಯಲ್ಲೂ ನೆನಪಿರುತ್ತಿತ್ತು. "ನನ್ನ ಮಂಡಿಗೂ ಒಂಚೂರು ಗ್ರೀಸ್ ಹಾಕಿ ಪುಣ್ಯ ಕಟ್ಕೊಳ್ರೀ" ಎಂದು ಹೆಂಡತಿ ಒಮ್ಮೆ ಅಂದದ್ದೇ ತಡ, ಅಕ್ಕಪಕ್ಕದವರೆಲ್ಲ ಅವನನ್ನು ಗ್ರೀಸ್ ಮಾವ ಎಂದು ಕರೆಯತೊಡಗಿದರು.

ಇಂಥವನ ಗಾಡಿಯಲ್ಲಿ ಒಂದು ಶಬ್ದ ಹುಟ್ಟಿತು. ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕರೂ ಸಾಕು, ಹಿಂದುಗಡೆ 'ಠಣ್'. ಅಲ್ಲಿದ್ದದ್ದು ಅತ್ತೆಯ ಪೆಟ್ಟಿಗೆ. ಮಗಳ ಜೊತೆಗಿರಲು ಬಂದ ಆ ಮುದುಕಿ ತಮ್ಮ ಸ್ಟೀಲ್ ಪಾತ್ರೆಗಳನ್ನೆಲ್ಲ ಅದರಲ್ಲಿ ತಂದಿದ್ದರು. ಗ್ರೀಸ್ ಮಾವನಿಗೆ ಅಷ್ಟೇ ಸಾಕಾಯಿತು. ಮೊದಲು ಪಾತ್ರೆಗಳಿಗೆ ಬಟ್ಟೆ ಸುತ್ತಿಸಿದ. ಶಬ್ದ ನಿಲ್ಲಲಿಲ್ಲ. ಪೆಟ್ಟಿಗೆಯ ಕೆಳಗೆ ದಿಂಬಿಟ್ಟ. ನಿಲ್ಲಲಿಲ್ಲ. ಕೊನೆಗೆ ಪಾತ್ರೆಗಳನ್ನೆಲ್ಲ ನಾದಿನಿಯ ಮನೆಗೆ ಸಾಗಿಸಿ, ಅತ್ತೆಯ ಕೈಗೆ ಪ್ಲಾಸ್ಟಿಕ್ ಲೋಟ ಕೊಟ್ಟ. ಆಗಲೂ 'ಠಣ್' ಎಂದಾಗ, ಖಾಲಿ ಪೆಟ್ಟಿಗೆಯೇ ಜಾಸ್ತಿ ಸದ್ದು ಮಾಡುವುದು ಎಂದು ವಾದಿಸಿದ. ಅಂದಿನಿಂದ ಅತ್ತೆ ಅಳಿಯನೊಂದಿಗೆ ನೇರ ಮಾತು ಬಿಟ್ಟರು. ಏನಿದ್ದರೂ ಮಗಳ ಮೂಲಕ.

ಗಾಡಿಯ ಕೆಳಗೆ ತೂರಿ ಒಮ್ಮೆ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಡೊಳ್ಳುಹೊಟ್ಟೆ ಅದಕ್ಕೆ ಒಪ್ಪುತ್ತಿರಲಿಲ್ಲ. ಆ ಗುಟ್ಟನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬ್ರೇಕ್ ಸವೆದು, ಲಾರಿ ರಿಪೇರಿಯ ಗ್ಯಾರೇಜಿಗೆ ಗಾಡಿ ಒಯ್ಯಲೇಬೇಕಾದ ದಿನ ಬಂತು. ತಾಯಿ ಮಗಳು ಅಂಗಡಿಗೆ ಹೋಗಿಬರುವುದೆಂದು ಮಾತಾಗಿತ್ತು. ಅವನು ಗ್ಯಾರೇಜಿನ ಆಫೀಸಿನಲ್ಲಿ ಮಾತಾಡುತ್ತಿದ್ದಾಗ ಮಗಳೇನೋ ಹೋದಳು. ಅತ್ತೆ ಕಾಲುನೋವೆಂದು ಹಿಂದಿನ ಮಂಚದಲ್ಲಿ ಹೊದ್ದು ಮಲಗಿದರು. ಇದು ಅವನಿಗೂ ಗೊತ್ತಿಲ್ಲ, ಮೆಕ್ಯಾನಿಕ್‌ಗೂ ಗೊತ್ತಿಲ್ಲ. ನಾಲ್ಕು ಕಂಬಗಳ ಲಿಫ್ಟ್ ಗುಂಯ್‌ಗುಡುತ್ತ ಗಾಡಿಯನ್ನು ಆಳೆತ್ತರಕ್ಕೆ ಏರಿಸಿತು. ಮೆಕ್ಯಾನಿಕ್ ಕೆಳಗೆ ನಿಂತು ಸುತ್ತಿಗೆಯಿಂದ ಗಾಡಿಯ ತಳವನ್ನು ಟಕ್ ಟಕ್ ಎಂದು ಬಡಿದ.

ಮೇಲಿನಿಂದ ಯಾರೋ, "ಬಾಗಿಲಿಗೆ ಚಿಲಕ ಹಾಕಿಲ್ಲ, ಒಳಗೆ ಬನ್ನಿ" ಎಂದರು.

ಮೆಕ್ಯಾನಿಕ್ ಸುತ್ತಿಗೆ ಬಿಟ್ಟು ಗಾಡಿಯ ಅಡಿಯಿಂದ ಹೊರಗೋಡಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅತ್ತೆ ಮೆಟ್ಟಿಲಿದೆಯೆಂದೇ ಒಂದು ಕಾಲು ಮುಂದಿಟ್ಟಿದ್ದರು.

"ಅತ್ತೆ, ಕಾಲಿಡಬೇಡಿ. ಕೆಳಗೆ ಏನೂ ಇಲ್ಲ," ಎಂದು ಕೂಗುತ್ತ ಗ್ರೀಸ್ ಮಾವ ಆಫೀಸಿನಿಂದ ಓಡಿಬಂದ. ಬಿದ್ದರೆ ಹಿಡಿಯುವವನಂತೆ ಎರಡೂ ಕೈ ಮೇಲಕ್ಕೆ ಚಾಚಿದ. ಕಾಲು ಹಿಂದಕ್ಕೆ ಹೋಯಿತು. ಮೆಕ್ಯಾನಿಕ್ ಗಾಬರಿಯಲ್ಲಿ ಇಳಿಸುವ ಗುಂಡಿ ಒತ್ತಿದ. ಅದೇ ಗಳಿಗೆಯಲ್ಲಿ ಕರೆಂಟ್ ಹೋಯಿತು.

ಕಾಲುನೋವಿನ ಅತ್ತೆಯನ್ನು ಏಣಿಯಲ್ಲಿ ಇಳಿಸುವಂತೆಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಗ್ರೀಸ್ ಮಾವ ಹೆಂಡತಿಗೆ ಫೋನ್ ಮಾಡಿ, "ನಿಮ್ಮಮ್ಮ ಮೇಲೆ ಹೋಗ್ಬಿಟ್ಟಿದಾರೆ ಕಣೇ" ಎಂದ. ಆ ಕಡೆ ಅಂಗಡಿಯಲ್ಲಿ ಅವಳು ಗೊಳೋ ಎಂದು ಅತ್ತಳು. ತಾನಾಡಿದ ಮಾತಿನ ಅರ್ಥ ಹೊಳೆದು, ಲಿಫ್ಟು, ಕರೆಂಟು ಎಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಅವನ ಕಿವಿ ಬಿಸಿಯಾಗಿತ್ತು. ಅವಳ ಅಳು ಆಗಲೇ ಬೈಗುಳಕ್ಕೆ ತಿರುಗಿತ್ತು.

ಮೇಲೆ ಅತ್ತೆ ಚಹಾಕ್ಕೆ ನೀರಿಟ್ಟರು. ಒಲೆಯಿಂದ ಸಕ್ಕರೆ ಡಬ್ಬಿಗೆ, ಅಲ್ಲಿಂದ ಲೋಟಕ್ಕೆಂದು ಪೆಟ್ಟಿಗೆಯ ಕಡೆಗೆ ಓಡಾಡಿದರು. ಪೆಟ್ಟಿಗೆಯ ಹತ್ತಿರ ಹೆಜ್ಜೆ ಬಿದ್ದಾಗಲೆಲ್ಲ ಕೆಳಗೆ 'ಠಣ್'. ಮೆಕ್ಯಾನಿಕ್ ಟಾರ್ಚ್ ಹಿಡಿದು ನೋಡಿದ. ಸೈಲೆನ್ಸರ್ ಪೈಪನ್ನು ತೂಗುಹಾಕುವ ರಬ್ಬರ್ ಹರಿದು, ಪೈಪು ತಗಡಿಗೆ ತಾಗುತ್ತಿತ್ತು. ಅವನು ಗ್ರೀಸ್ ಮಾವನನ್ನು ಕರೆದು ತೋರಿಸಿ, ಇದು ಹರಿದು ಎಷ್ಟೋ ತಿಂಗಳಾಗಿರಬೇಕು, ನೀವು ನೋಡಲೇ ಇಲ್ಲವೇ ಎಂದು ಕೇಳಿದ. ಗ್ರೀಸ್ ಮಾವ ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡ.

ಆಮೇಲೆ ಬಾಗಿಲಿನ ಕಡೆಗೆ ಬಂದು ಕತ್ತೆತ್ತಿ, "ಶಬ್ದ ನಿಮ್ಮ ಪೆಟ್ಟಿಗೇದಲ್ಲ, ಅತ್ತೆ" ಎಂದ.

ಅತ್ತೆ ಬಾಗಿಲಲ್ಲಿ ಕೂತು ಚಹಾ ಊದುತ್ತಿದ್ದರು. "ನಂಗೆ ಗೊತ್ತಿತ್ತು. ಪೆಟ್ಟಿಗೆಗೆ ಬಾಯಿಲ್ವಲ್ಲ, ಅದರ ಮೇಲೆ ದೂರು ಹೇಳೋದು ಸುಲಭ."

"ನನ್ನದೇ ತಪ್ಪು."

"ಚಹಾ ಕುಡೀತೀರಾ?" ಎಂದು ಅವರು ಕೇಳಿದರು. ನೇರವಾಗಿ, ಅವನನ್ನೇ. ಚೀಲಕ್ಕೆ ದಾರ ಕಟ್ಟಿ ಫ್ಲಾಸ್ಕ್ ಇಳಿಸಿದರು. ಮೆಕ್ಯಾನಿಕ್‌ಗೂ ಒಂದು ಪಾಲು ಸಿಕ್ಕಿತು. ಹೆಂಡತಿ ಏದುಸಿರು ಬಿಡುತ್ತ ಬಂದಾಗ ಮೂವರೂ ಮೇಲೆ ಕೆಳಗೆ ನೆಮ್ಮದಿಯಾಗಿ ಮಾತಾಡುತ್ತಿದ್ದರು.

ಕರೆಂಟ್ ಬಂದು ಅತ್ತೆ ಇಳಿದರು. ಆಮೇಲೆ ಹೊಸ ರಬ್ಬರ್, ಹೊಸ ಬ್ರೇಕ್ ಎಲ್ಲ ಆಯಿತು. ಸಂಜೆ ಗಾಡಿ ರಸ್ತೆಗಿಳಿದಾಗ ಹಿಂದುಗಡೆ ಸದ್ದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮುಂದುಗಡೆ ಸಣ್ಣಗೆ 'ಕೀಂಚ್' ಎಂದಿತು. ಗ್ರೀಸ್ ಮಾವ ಗಾಡಿಯನ್ನು ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದ. ಯಾರೂ ಕರೆಯದಿದ್ದರೂ ಅತ್ತೆ ಟಾರ್ಚ್ ಹಿಡಿದು ಇಳಿದು ಬಂದು ಪಕ್ಕದಲ್ಲಿ ನಿಂತರು.

"ಬೆಲ್ಟ್ ಇರಬಹುದಾ?" ಎಂದರು.

"ಇರಬಹುದು. ಸ್ವಲ್ಪ ಈ ಕಡೆ ಬೆಳಕು ಬಿಡಿ, ಅತ್ತೆ."