ಗೂಬೆರಾಯನ ಗಂಟಲು

ಬೀದಿಯವರೆಲ್ಲ ಅವಳನ್ನು ಗೂಬಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಯಾರನ್ನಾದರೂ ಗೂಬೆ ಅಂತ ಕರೆದು ನೋಡಿ, ಹಲ್ಲು ಕೈಗೆ ಬರುತ್ತದೆ. ಇವಳು ಮಾತ್ರ "ಏನ್ರಪ್ಪಾ?" ಎಂದು ನಗುತ್ತ ತಿರುಗುತ್ತಿದ್ದಳು. ಯಾಕೆಂದರೆ ಗೂಬೆರಾಯ ಅವಳೇ. ಬೈಕ್ ಓಡಿಸುವ ವಿಡಿಯೋ ಗೇಮ್ ಒಂದಿದೆ, ಒಂದರ ಬೆನ್ನಿಗೊಂದು ಭಾಗ ಬರುತ್ತಲೇ ಇರುವಂಥದ್ದು. ಮೊದಲ ಭಾಗ ಆಡಿದ ಮಕ್ಕಳಿಗೆ ಈಗ ಹೊಟ್ಟೆ ಬಂದು ತಲೆ ಬೋಳಾಗುತ್ತಿದೆ. ಅದರಲ್ಲಿ ಮಿಣುಕು ಎಂಬ ಪುಟ್ಟ ಹುಡುಗಿಯೇ ನಾಯಕಿ. ಅವಳ ದಾರಿಗೆ ಮೊಳೆ ಚೆಲ್ಲುವ, ಸೇತುವೆ ಮುರಿಯುವ, ದಾರಿ ತೋರುವ ಹಲಗೆ ತಿರುಗಿಸಿಡುವ, ಕಡೆಗೆ ತಾನು ತೋಡಿದ ಗುಂಡಿಗೆ ತಾನೇ ಬೀಳುವ ಖಳನೇ ಗೂಬೆರಾಯ. ಗೂಬೆಯ ಮುಖವಾಡ, ನೆಲ ಗುಡಿಸುವ ಕೋಟು, ಬಾಗಿಲಲ್ಲಿ ಹಿಡಿಸದ ಎತ್ತರ. ಅಂಥ ಗಂಡಸಿನ ದನಿ, ಪರದೆ ಹೊಲಿಯುವ ದರ್ಜಿಯ ಈ ಕುಳ್ಳಿ ಹೆಂಡತಿಯದು.

ಆ ಕೆಲಸ ಸಿಕ್ಕಿದ್ದು ಬೈಗುಳದಿಂದ. ದನಿ ಮುದ್ರಿಸುವ ಸ್ಟುಡಿಯೋಗೆ ದಪ್ಪ ಪರದೆ ಬೇಕಿತ್ತು. ಗೋಡೆಗೆ ಬಡಿದು ದನಿ ವಾಪಸು ಬರಬಾರದಲ್ಲ, ಅದಕ್ಕೆ. ಗಂಡ ಏಣಿ ಹತ್ತಿ ಪರದೆ ತೂಗುಹಾಕುತ್ತಿದ್ದ, ಇವಳು ಏಣಿ ಹಿಡಿದಿದ್ದಳು. ಪುಣ್ಯಾತ್ಮ ಪರದೆಯನ್ನು ತಲೆಕೆಳಗೆ ಹಾಕಿಬಿಟ್ಟ.

"ರೀ, ಕಣ್ಣು ಮನೇಲಿಟ್ಟು ಬಂದ್ರಾ? ಕೊಕ್ಕೆ ಕೆಳಗೆ ಬಂದಿದೆ, ಅಂಚು ಮೇಲೆ ಹೋಗಿದೆ! ಇಳೀತೀರೋ, ಏಣಿ ಎಳೀಲೋ?"

ಮೈಕು ತೆರೆದೇ ಇತ್ತು. ಗಾಜಿನ ಆಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ಸೌಂಡಿನವನು ಬೆಚ್ಚಿಬಿದ್ದು ಓಡಿಬಂದ. "ಅಮ್ಮಾ, ಇದೇ ದನೀಲಿ ಒಂದು ಸಾಲು ಓದ್ತೀರಾ?"

ಏಣಿಯ ಮೇಲಿಂದ ಗಂಡ ಹೇಳಿದ: "ಓದೇ, ಓದು. ಇಷ್ಟು ವರ್ಷ ನಾನೊಬ್ಬನೇ ಪುಕ್ಕಟೆ ಕೇಳಿದೀನಿ. ಬೇರೆಯವರೂ ಒಂದಿಷ್ಟು ಅನುಭವಿಸಲಿ."

ಪರದೆ ಕತ್ತರಿಸಿದ ಬಟ್ಟೆಯ ಜುಂಗು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಓದುವ ಮೊದಲು ಒಮ್ಮೆ "ಹ್ಹುಂ" ಎಂದು ಗಂಟಲು ಸರಿಮಾಡಿಕೊಂಡಳು. ಆಮೇಲೆ ಓದಿದಳು: "ಬಂದ್ಯಾ ಮರೀ? ಕೂತ್ಕೋ. ಸೋಲೋಕೆ ಏನವಸರ?" ಇಂಥ ಕೆಮ್ಮು, ಉಸಿರು, ಹಾಳೆಯ ಸದ್ದನ್ನೆಲ್ಲ ಕತ್ತರಿಸಿ ಎಸೆಯುವುದೇ ಸೌಂಡಿನವನ ಕಸುಬು. ಆದರೆ ಆವತ್ತು ಅವನು ಮೈಮರೆತ. ಜುಂಗಿನ "ಹ್ಹುಂ" ಗೇಮಿನೊಳಗೆ ಹೋಗಿ ಕುಳಿತುಬಿಟ್ಟಿತು.

ತಪ್ಪು ಗೊತ್ತಾಗುವಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಮಕ್ಕಳು ಹೆದರಿದ್ದು ಮೊಳೆಗಲ್ಲ, ಮುಖವಾಡಕ್ಕೂ ಅಲ್ಲ, ಆ "ಹ್ಹುಂ"ಗೆ. ಕತ್ತಲ ಸುರಂಗದಲ್ಲಿ ಎಲ್ಲಿಂದಲೋ ಅದು ಕೇಳಿಸಿದರೆ ಸಾಕು, ಕೈ ಬೆವತು ಬೈಕು ಗೋಡೆಗೆ ಗುದ್ದುತ್ತಿತ್ತು. ಎರಡನೇ ಭಾಗದಿಂದ ಗೂಬೆರಾಯನ ಒಂದೊಂದು ಮಾತಿನ ಮುಂದೆಯೂ ಅದನ್ನು ಬರೆದೇ ಕೊಟ್ಟರು. ಬಸ್ಸಿನ ಕಂಡಕ್ಟರ್ ಕೂಡ ತಡವಾಗಿ ಹತ್ತಿದವರಿಗೆ "ಹ್ಹುಂ, ಬಂದ್ಯಾ ಮರೀ?" ಅನ್ನುತ್ತಿದ್ದ.

ಗೂಬಕ್ಕನಿಗೆ ಗೂಬೆರಾಯನೆಂದರೆ ಪ್ರಾಣ. "ಅವ್ನು ಕೆಟ್ಟೋನು ಕಣೇ, ನಿಂಗ್ಯಾಕೆ ಅಷ್ಟು ಅಕ್ಕರೆ?" ಎಂದು ಗಂಡ ಕೇಳಿದರೆ, "ಪ್ರತಿ ಸಲ ಸೋಲ್ತಾನೆ, ಪ್ರತಿ ಸಲ ವಾಪಸ್ ಬರ್ತಾನೆ. ನಿಮ್ಮ ಒಳ್ಳೆಯೋರಲ್ಲಿ ಯಾರಿಗಿದೆ ಆ ಎದೆ?" ಅನ್ನುತ್ತಿದ್ದಳು. ಹೊಲಿಗೆ ಮಿಷನ್ನು ಗಂಡನದು, ಅಂಗಡಿ ಮಾವನವರದು, ಅಡುಗೆಮನೆಯ ಪಾತ್ರೆಯ ಮೇಲೂ ಅತ್ತೆಯ ಹೆಸರೇ ಕೊರೆದಿತ್ತು. ತನ್ನದು ಅಂತ ಅವಳಿಗಿದ್ದದ್ದು ಈ ಖಳನೊಬ್ಬನೇ.

ಆ ಖಳನೇ ಅವಳ ಗಂಟಲನ್ನು ತಿಂದ. ಮೊದಲು ಸಂಜೆಯ ಹೊತ್ತಿಗೆ ದನಿ ಒಡೆಯುತ್ತಿತ್ತು, ಆಮೇಲೆ ಬೆಳಗ್ಗೆಯೇ. ಬಿಸಿನೀರು, ಉಪ್ಪುನೀರು ಯಾವುದೂ ನಾಟಲಿಲ್ಲ. ಗಂಟಲಿನ ಡಾಕ್ಟರಮ್ಮ ಒಳಗೆ ಕೊಳವೆ ಇಳಿಸಿ ನೋಡಿ, "ಏನು ಕೆಲಸ ಮಾಡ್ತೀರಿ?" ಎಂದರು. ಇವಳು "ಹ್ಹುಂ" ಎಂದಳು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನೀವಾ! ನಮ್ಮನೇಲಿ ಮಕ್ಕಳು ಹೊತ್ತು ಹುಟ್ಟಿದ್ರೆ ಇದನ್ನೇ ಮಾಡ್ತಾರೆ." ನಗು ನಿಂತಮೇಲೆ ಅವರ ಮುಖ ಗಂಭೀರವಾಯಿತು. "ನಿಮ್ಮನ್ನ ಹಾಳು ಮಾಡಿರೋದೂ ಇದೇನೇ. ಹಂಗೆ ಅಂದಾಗಲೆಲ್ಲ ಒಳಗೆ ದನಿ ಹೊರಡಿಸೋ ಎರಡು ಪಟ್ಟಿ ಒಂದಕ್ಕೊಂದು ಹೊಡ್ಕೋತವೆ. ಹೊಡ್ಕೊಂಡು ಹೊಡ್ಕೊಂಡು ಗಂಟು ಕಟ್ಟಿದೆ. ತೆಗೀಬೇಕು. ತೆಗೆದ ಮೇಲೆ ಜನ್ಮದಲ್ಲಿ ಗಂಟಲು ಹಾಗೆ ಕೆರೀಬಾರದು. ಕೆರೀಬೇಕು ಅನ್ನಿಸಿದ್ರೆ ಉಗುಳು ನುಂಗಿ. ಇಲ್ಲ ಒಂದು ಗುಟುಕು ನೀರು. ಇನ್ನೊಂದ್ಸಲ ಗಂಟು ಕಟ್ಟಿದ್ರೆ ನನ್ನ ಕೈಲಿ ಏನೂ ಇಲ್ಲ."

ಗಂಟು ತೆಗೆದರು. ಮುಂದಿನ ಅಪ್ಪಣೆಯವರೆಗೆ ತುಟಿಪಿಟಿಕ್ಕೆನ್ನಬಾರದು ಎಂದರು. ಮನೆಯಲ್ಲಿ ಒಂದು ಚಪ್ಪಾಳೆಗೆ ಹೌದು, ಎರಡು ಚಪ್ಪಾಳೆಗೆ ಇಲ್ಲ, ತಟ್ಟೆ ಬಡಿದರೆ ಬೈಗುಳ ಅಂತ ಲೆಕ್ಕವಾಯಿತು. ಗಂಡ ಪರದೆಯ ಅಂಚನ್ನು ಬೇಕೆಂದೇ ಸೊಟ್ಟಗೆ ಹೊಲಿದು ಅವಳ ಮುಂದೆ ಹಿಡಿಯುತ್ತಿದ್ದ. ತಟ್ಟೆಯ ಸದ್ದು ಕೇಳಿಸಿದರೆ ಅವನಿಗೆ ಒಂದಿಷ್ಟು ಸಮಾಧಾನ.

"ಮನೆ ಬಿಕೋ ಅಂತಿದೆ ಕಣೇ," ಎಂದ ಒಂದು ದಿನ. "ಬೇಗ ವಾಸಿಯಾಗಿ ಬಾಯ್ತುಂಬ ಒಂದ್ಸಲ ಬೈಯೇ ಪುಣ್ಯಾತ್ಗಿತ್ತಿ." ಅವಳು ಒಂದು ಚಪ್ಪಾಳೆ ಹೊಡೆದಳು, ಆಮೇಲೆ ಅತ್ತಳು.

ದನಿ ಬಂತು. ಆದರೆ ಯಾರದೋ ದನಿ ಬಂತು. ತಿಳಿಯಾಗಿ, ತೆಳ್ಳಗೆ, ಮಗುವನ್ನು ಮಲಗಿಸುವುದಕ್ಕೆ ಹೇಳಿ ಮಾಡಿಸಿದ ದನಿ. ಕನ್ನಡಿಯ ಮುಂದೆ "ಬಂದ್ಯಾ ಮರೀ?" ಎಂದು ನೋಡಿದಳು, ತಿಂಡಿ ತಿನ್ನಲು ಕರೆದ ಹಾಗಿತ್ತು. ಅದೇ ವಾರ ಫೋನು. ಗೇಮಿನ ಹೊಸ ಭಾಗ ಬರುತ್ತಿದೆ, ಡೈರೆಕ್ಟರ್ ಹೊಸಬಳು, ದನಿಯ ಪರೀಕ್ಷೆ ಇಟ್ಟಿದ್ದಾಳೆ. ರೇಡಿಯೋದ ಹುಡುಗನೊಬ್ಬನೂ ಬರುತ್ತಿದ್ದಾನೆ. ಗಂಟಲು ಹೇಗಿದೆ ಎಂದು ಸೌಂಡಿನವನು ಕೇಳಿದ. "ಕಲ್ಲುಗುಂಡು," ಎಂದು ಗೂಬಕ್ಕ ಹಸಿ ಸುಳ್ಳು ಹೇಳಿದಳು.

ಗಂಡನಿಗೆ ರೇಗಿಹೋಯಿತು. "ನಿಂಗೇನು ತಲೆಗಿಲೆ ಕೆಟ್ಟಿದ್ಯಾ? ಅಲ್ಲಿ ಹೋಗಿ ಒಂದ್ಸಲ ಹ್ಹುಂ ಅಂದೆ ಅಂತಿಟ್ಕೋ, ಆಯ್ತು, ಗಂಟಲಿಗೆ ಎಳ್ಳುನೀರು!"

"ಒಂದೇ ಒಂದ್ಸಲ ಕಣ್ರೀ. ಅವ್ರಿಗೆ ಬೇಕಾಗಿರೋದು ಅದೇ. ಒಂದ್ಸಲ ಅಂದುಬಿಟ್ರೆ ಗೂಬೆರಾಯ ನನ್ನ ಹತ್ರನೇ ಉಳೀತಾನೆ."

"ಅವನು ಉಳ್ಕೊಂಡು ನಿನ್ನ ದನಿ ಹೋದ್ರೆ? ನಾನು ತಟ್ಟೆ ಸದ್ದು ಕೇಳ್ಕೊಂಡು ಸಾಯ್ಲಾ?" ಎಂದವನೇ ಹೊಲಿಗೆ ಮಿಷನ್ನಿನ ಕಡೆ ತಿರುಗಿ ಕುಳಿತ. ಸೂಜಿಗೆ ದಾರ ಪೋಣಿಸಲು ಹೋದರೆ ಅದು ಪಕ್ಕಕ್ಕೇ ಹೋಗುತ್ತಿತ್ತು. ಅವಳೇ ದಾರ ಪೋಣಿಸಿಕೊಟ್ಟಳು. ಮನಸ್ಸು ಮಾತ್ರ ಒಂದೇ ಒಂದ್ಸಲ, ಒಂದೇ ಒಂದ್ಸಲ ಎಂದು ಜಪ ಮಾಡುತ್ತಲೇ ಇತ್ತು.

ಪರೀಕ್ಷೆಯ ದಿನ ಗಂಡನೂ ಜೊತೆಗೆ ಬಂದ, ನೀರಿನ ಬಾಟಲಿಯನ್ನು ಎದೆಗವಚಿಕೊಂಡು. ಸ್ಟುಡಿಯೋದ ಹೊರಗಿನ ಬೆಂಚಿನಲ್ಲಿ ರೇಡಿಯೋದ ಹುಡುಗ ಕುಳಿತಿದ್ದ. ಇವಳನ್ನು ಕಂಡವನೇ ಎದ್ದು ನಿಂತ. "ಅಕ್ಕಾ, ನೀವೇನಾ? ನಾನು ನಿಮ್ಮ ದನಿಗೆ ಹೆದರ್ಕೊಂಡೇ ಬೆಳೆದೋನು." ಎಷ್ಟು ಒಳ್ಳೆಯ ಹುಡುಗ ಎಂದರೆ, ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದುರಾಳಿ ಆದವನು ಸ್ವಲ್ಪವಾದರೂ ಕೆಟ್ಟವನಾಗಿರಬೇಡವೇ? ಮಿಣುಕು ಪ್ರತಿ ಸಲ ಮುಂದೆ ಓಡಿದಾಗ ಗೂಬೆರಾಯನಿಗೆ ಹೊಟ್ಟೆಯಲ್ಲಿ ಏನಾಗುತ್ತಿತ್ತು ಎಂಬುದು ಅವಳಿಗೆ ಆವತ್ತು ಸರಿಯಾಗಿ ತಿಳಿಯಿತು.

ಹುಡುಗ ಮೊದಲು ಹೋದ. ಬಾಗಿಲ ಸಂದಿಯಿಂದ ಕೇಳಿಸಿತು: "ಹ್ಹುಂ. ಬಂದ್ಯಾ ಮರೀ?" ಥೇಟ್ ಅವಳದೇ. ಜುಂಗಿನ ಕಿರಿಕಿರಿ ಕೂಡ ಹಾಗೇ ಇತ್ತು. ಗಂಡ ಬಾಟಲಿ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿ ಒಳಗೆ ಹೋದಳು. ಅನ್ನಲೇಬೇಕು, ಏನಾದರೂ ಆಗಲಿ ಎಂದು ನಿರ್ಧರಿಸಿಬಿಟ್ಟಿದ್ದಳು.

ಒಳಗೆ ಅದೇ ಪರದೆ. ಬಣ್ಣ ಮಾಸಿತ್ತು, ಮೂಲೆಯಲ್ಲಿ ಗಂಡ ಹಾಕಿದ ತೇಪೆ ಹಾಗೇ ಇತ್ತು. ಗಾಜಿನ ಆಚೆ ಸೌಂಡಿನವನು, ಹೊಸ ಡೈರೆಕ್ಟರ್. ಅವರ ಹಿಂದೆ ಗೋಡೆಗೆ ಒರಗಿ ರೇಡಿಯೋದ ಹುಡುಗ. ಕೇಳಿಕೊಂಡೇ ಹೋಗುತ್ತೇನೆ ಎಂದು ಕಾಡಿಬೇಡಿ ನಿಂತಿದ್ದನಂತೆ. ಆ ಕಡೆಯ ಕೋಣೆಯ ಬಾಗಿಲ ಬಳಿ ಗಂಡ, ಮುಖದಲ್ಲಿ ರಕ್ತವೇ ಇರಲಿಲ್ಲ.

ಕೆಂಪು ದೀಪ ಹತ್ತಿತು. ಗಂಟಲಲ್ಲಿ ಕೆರೆತ ಎದ್ದಿತು, ಇಷ್ಟು ವರ್ಷದ ಅಭ್ಯಾಸ. ಅವಳು ಬಾಯಿ ತೆರೆದಳು. ಆದರೆ ಎಷ್ಟೋ ದಿನದಿಂದ ಅನ್ನ ಬಡಿಸುವಾಗ, ಬಟ್ಟೆ ಒಗೆಯುವಾಗ, ನಿದ್ದೆಗಣ್ಣಿನಲ್ಲೂ ಆ ಕೆರೆತ ಎದ್ದಾಗಲೆಲ್ಲ ನುಂಗಿ ನುಂಗಿ, ಗಂಟಲೇ ಬೇರೆ ಪಾಠ ಕಲಿತುಬಿಟ್ಟಿತ್ತು. ಮನಸ್ಸು ಕೂಗು ಅಂದಿತು, ಗಂಟಲು ನುಂಗಿತು. "ಹ್ಹುಂ" ಇರಬೇಕಾದ ಜಾಗ ಖಾಲಿಯಾಗಿ ನಿಂತಿತು.

ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು. ಕಣ್ಣು ತುಂಬಿತು. ಮಾತಾದರೂ ಆಡಿ ಹೋಗೋಣವೆಂದು ತನ್ನ ಹೊಸ ತಿಳಿ ದನಿಯಲ್ಲೇ, ಮೆಲ್ಲಗೆ, ಸೋತು ಸೋತು ಅಭ್ಯಾಸವಾದವನು ಆಡುವ ಹಾಗೆ ಹೇಳಿದಳು: "ಬಂದ್ಯಾ ಮರೀ? ಕೂತ್ಕೋ. ಸೋಲೋಕೆ ಏನವಸರ?"

ಗಾಜಿನ ಆಚೆ ರೇಡಿಯೋದ ಹುಡುಗ ರೋಮ ಎದ್ದ ತೋಳು ಉಜ್ಜಿಕೊಳ್ಳುತ್ತಿದ್ದ. ಡೈರೆಕ್ಟರ್ ಗುಂಡಿ ಒತ್ತಿ, "ಇನ್ನೊಂದ್ಸಲ ಅಮ್ಮಾ, ಹಾಗೇ," ಎಂದಳು. ಗುಂಡಿಯ ಮೇಲಿನ ಬೆರಳು ತೆಗೆಯುವುದನ್ನು ಮರೆತಳು, ಆ ಕಡೆಯ ಸದ್ದೆಲ್ಲ ಈ ಕಡೆ ಕೇಳಿಸುತ್ತಿತ್ತು.

ಗೂಬಕ್ಕ ಉಸಿರು ಎಳೆದಳು. ನುಂಗಿದಳು. ಖಾಲಿ ಜಾಗ ಬಂತು. ಆ ಖಾಲಿಯೊಳಗೆ ಗಾಜಿನ ಆಚೆಯಿಂದ ಒಂದು ಸದ್ದು ಬಂತು.

"ಹ್ಹುಂ."

ಸೌಂಡಿನವನು, ಡೈರೆಕ್ಟರ್, ರೇಡಿಯೋದ ಹುಡುಗ, ಬಾಗಿಲ ಬಳಿಯ ಗಂಡ, ನಾಲ್ವರೂ ಒಟ್ಟಿಗೆ ಗಂಟಲು ಸರಿಮಾಡಿಕೊಂಡಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ. ಮಾಡಿದಮೇಲೆ ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಡೈರೆಕ್ಟರ್. "ಅಯ್ಯೋ ದೇವ್ರೇ, ನನ್ನ ಬಾಯಿಂದಲೇ ಬಂತಲ್ಲ!"

"ಆ ಖಾಲಿ ಜಾಗ ಕತ್ತರಿಸ್ಲಾ?" ಎಂದು ಸೌಂಡಿನವನು ಕಸುಬಿನ ಅಭ್ಯಾಸದಿಂದ ಕೇಳಿದ, ಆಮೇಲೆ ತಾನೇ ಕೈ ಎತ್ತಿಬಿಟ್ಟ. "ಬೇಡ. ಆವತ್ತು ಮರೆತು ಬಿಟ್ಟಿದ್ದೆ. ಇವತ್ತು ಗೊತ್ತಿದ್ದೇ ಬಿಡ್ತೀನಿ."

ರೇಡಿಯೋದ ಹುಡುಗ ಚೀಲ ಹೆಗಲಿಗೇರಿಸಿದ. "ಅಕ್ಕಾ, ನಾನು ಗೂಬೆರಾಯನನ್ನ ಕೆಮ್ಮಿಸಿದೆ. ನೀವು ನಮ್ಮನ್ನೇ ಕೆಮ್ಮಿಸಿಬಿಟ್ರಿ," ಎಂದ. ಅವನ ಕೆನ್ನೆ ಹಿಂಡಬೇಕೆನಿಸಿತು ಗೂಬಕ್ಕನಿಗೆ. ಹಿಂಡಿಯೂ ಬಿಟ್ಟಳು. ಗೂಬೆರಾಯ ಅವಳ ಹತ್ತಿರವೇ ಉಳಿದ. ಹೊಸ ಭಾಗದಲ್ಲಿ ಅವನಿಗೆ ಒಬ್ಬ ಶಿಷ್ಯನನ್ನು ಬರೆದರು. ಗುರುವಿನ ಹಿಂದೆ ಓಡಾಡುತ್ತ ಮೊಳೆಯ ಡಬ್ಬಿ ಹೊರುವವನು. ಆ ದನಿ ಹುಡುಗನಿಗೆ ಸಿಕ್ಕಿತು.

ಗೇಮು ಬಿಡುಗಡೆಯಾದ ಸಂಜೆ ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿ ಪರದೆ ಹೊಲಿಯುತ್ತಿದ್ದರು. ಎದುರು ಮನೆಯ ಕಿಟಕಿಯಿಂದ ಬೈಕಿನ ಸದ್ದು ಕೇಳಿಸಿತು, ಸುರಂಗದ ಗಾಳಿ ಕೇಳಿಸಿತು. ಆಮೇಲೆ ಏನೂ ಇಲ್ಲ. ಗೂಬಕ್ಕನ ಕತ್ತರಿ ಅರ್ಧಕ್ಕೆ ನಿಂತಿತು. ಆ ಮನೆಯ ದೊಡ್ಡವರು ಚಿಕ್ಕವರೆಲ್ಲ ಒಕ್ಕೊರಲಿನಿಂದ "ಹ್ಹುಂ" ಎಂದರು. ಮೇಲಿನ ಮಹಡಿಯಿಂದ ಇನ್ನೊಂದು, ಬೀದಿಯ ತುದಿಯ ಮನೆಯಿಂದ ಮತ್ತೊಂದು.

"ಕೇಳಿಸ್ತೇನೇ?" ಎಂದು ಗಂಡ ತಿರುಗಿದ. ಕೈಯಲ್ಲಿದ್ದ ಪರದೆಯನ್ನು ಎತ್ತಿ ಹಿಡಿದ; ಕೊಕ್ಕೆ ಕೆಳಗೆ ಬಂದಿತ್ತು, ಅಂಚು ಮೇಲೆ ಹೋಗಿತ್ತು.

ಗೂಬಕ್ಕ ಒಂದು ಗುಟುಕು ನೀರು ಕುಡಿದಳು. ಆಮೇಲೆ ಆ ಹೊಸ ತಿಳಿ ದನಿಯಲ್ಲಿ ಬಾಯ್ತುಂಬ ಬೈಯತೊಡಗಿದಳು. ಗಂಡ ಪರದೆಯನ್ನು ಹಾಗೇ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡ.